ಭಾವ ಹಾಕಿದ ನೆಲ

ನಮ್ಮ ಅಕ್ಕನ ಗಂಡನಿಗೆ ಮೂಗಿನ ತುದಿಯಲ್ಲೇ ಕೋಪ. ಆ ಕೋಪಕ್ಕೆ ತಕ್ಕ ಕೆಲಸಗಾರಿಕೆಯೂ ಇತ್ತು, ಸುಳ್ಳೇಕೆ ಹೇಳಲಿ! ಮೂವತ್ತು ವರ್ಷ ಟೈಲ್ಸ್ ಹಾಕಿದವರು. ಬಚ್ಚಲಿನ ನೀರು ತೂಬಿನ ಕಡೆಗೇ ಹರಿಯಲು ನೆಲಕ್ಕೆ ಎಷ್ಟು ವಾಟ ಕೊಡಬೇಕೆಂದು ಒಂದು ಕಣ್ಣು ಮುಚ್ಚಿ ನೋಡಿಯೇ ಹೇಳುತ್ತಿದ್ದರು. ಯಾರಾದರೂ ಇಳಿಜಾರು ಅಳೆಯಲು ರಸಮಟ್ಟ ಇಟ್ಟು ನೋಡಿದರೆ, "ಅದು ಕುರುಡರ ಕೋಲು ಕಣೋ" ಎನ್ನುವರು. ಮಾರನೇ ಬೆಳಿಗ್ಗೆ ಮನೆಯವರ ಮುಂದೆಯೇ ಒಂದು ಚೊಂಬು ನೀರು ಸುರಿದು, ಅದು ನೆಟ್ಟಗೆ ತೂಬಿಗೆ ಓಡುವುದನ್ನು ಸೊಂಟಕ್ಕೆ ಕೈಯಿಟ್ಟು ನೋಡುವರು.

ಐವತ್ತು ದಾಟಿದ ಮೇಲೂ ಕೈಯಲ್ಲಿ ಕಸುವಿತ್ತು, ಕಣ್ಣು ಮಾತ್ರ ಕೈಕೊಟ್ಟಿತು. ಜೊತೆಯಲ್ಲೇ ಕೆಲಸ ಮಾಡುವ ನನಗೆ ಅದು ಮೊದಲು ಗೊತ್ತಾಯಿತು.

"ಭಾವ, ಒಂದು ಚಾಳೀಸು ಮಾಡಿಸ್ಕೋಬಾರ್ದಾ?" ಎಂದೆ.

"ಹೋಗಿ ನಿಮ್ಮಪ್ಪಂಗೆ ಮಾಡ್ಸು!" ಎಂದರು. ಆಮೇಲೆ ಎರಡು ದಿನ ಮಾತಿಲ್ಲ.

ಬೆಕ್ಕಿಗೆ ಗಂಟೆ ಕಟ್ಟುವ ಧೈರ್ಯ ನನಗಿರಲಿಲ್ಲ. ಸಂಜೆ "ನೀವು ನಡೀರಿ, ಸಾಮಾನು ತೊಳೆದು ಬರ್ತೀನಿ" ಎಂದು ಅವರನ್ನು ಕಳಿಸಿ, ಸಿಮೆಂಟು ಹಸಿಯಿರುವಾಗಲೇ ವಾಟ ತಪ್ಪಿದ ಸಾಲುಗಳನ್ನು ಎತ್ತಿ, ರಸಮಟ್ಟ ಇಟ್ಟು ಮತ್ತೆ ಕೂರಿಸುತ್ತಿದ್ದೆ. ಬೆಳಿಗ್ಗೆ ಭಾವ ನೀರು ಸುರಿದು, "ನೋಡ್ದೇನೋ? ಚಾಳೀಸು ಅಂತೆ!" ಎಂದು ನನ್ನ ಬೆನ್ನಿಗೆ ಗುದ್ದುವರು. ನಾನೂ ಹಲ್ಲು ಕಿರಿಯುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಹೀಗೆ ಎರಡು ವರ್ಷ ನಡೆಯಿತು.

ಹೋದ ತಿಂಗಳು ನಾನು ನಾಲ್ಕು ದಿನ ಜ್ವರ ಬಂದು ಮಲಗಿದೆ. ಭಾವ ಒಬ್ಬರೇ ಮೇಷ್ಟ್ರ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿದರು. ಮಾರನೇ ಬೆಳಿಗ್ಗೆ ಸುರಿದ ನೀರು ತೂಬಿಗೆ ಬೆನ್ನು ಹಾಕಿ ಬಾಗಿಲಿಗೆ ಬಂದು, ಮೇಷ್ಟ್ರ ಚಪ್ಪಲಿ ಒದ್ದೆ ಮಾಡಿತಂತೆ.

ಭಾವ ಅಲ್ಲಿಂದ ನೇರವಾಗಿ ನನ್ನ ಮಂಚದ ಹತ್ತಿರ ಬಂದು ಕೂತರು. ಸಂದು ತುಂಬಲು ಕಲಸಿದ್ದ ಸಿಮೆಂಟನ್ನೂ ಕೈಯಿಂದ ತೊಳೆದಿರಲಿಲ್ಲ.

"ದಿನಾ ಸಂಜೆ ನೀನೊಬ್ನೇ ಉಳ್ಕೊಂಡು ಏನೋ ಮಾಡ್ತಿದ್ದೆ?"

ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತೇ ಕೈ ಹಿಡಿದು ನಿಲ್ಸಿದ್ರೆ ಒಂದಿನ ಕೂಗಾಡ್ತಿದ್ದೆ ಕಣೋ. ಆಮೇಲೆ ಚಾಳೀಸು ಹಾಕ್ಕೊಂಡು ಟೈಲ್ಸ್ ಕೂರಿಸ್ತಿದ್ದೆ. ಇನ್ನೂ ಹತ್ತು ವರ್ಷದ ಕೆಲಸ ಇತ್ತು ನನ್ನ ಕೈಲಿ. ಈಗ ಯಾವುದು ನಂದು, ಯಾವುದು ನಿಂದು?"

ನಾನು ಎದ್ದು ಕೂತೆ.

"ಡಾಕ್ಟ್ರ ಮನೆ?" ಎಂದು ಕೇಳಿದರು.

"ನಾನು ತಿದ್ದಿದ್ದು."

"ಆ ಮೂರಂತಸ್ತಿನ ಮನೆ?"

"ಅದೂನೂ, ಭಾವ."

"ಈ ಎರಡು ವರ್ಷದಲ್ಲಿ ನಾನು ಹಾಕಿದ್ದು ಹಾಕಿದ ಹಾಗೇ ಇರೋದು ಒಂದಾದ್ರೂ ಇದ್ಯೇನೋ?"

ಇತ್ತು. ಕಳೆದ ವರ್ಷ ತಮ್ಮ ಸ್ವಂತ ಮನೆಯ ಬಚ್ಚಲಿಗೆ ರಜೆಯ ದಿನ ಅವರೊಬ್ಬರೇ ಕೂತು ಹಾಕಿದ್ದರು. ಅಲ್ಲಿ ನೀರು ಮೂಲೆಯಲ್ಲೇ ನಿಲ್ಲುತ್ತದೆ. ಅಕ್ಕ ತುಟಿಪಿಟಿಕ್ಕೆನ್ನದೆ ದಿನವೂ ಪೊರಕೆಯಿಂದ ತೂಬಿಗೆ ತಳ್ಳುತ್ತಾಳೆ. ನೆಲ ಕುಸಿದಿದೆ ಎಂದು ಭಾವ ಆಗಿನಿಂದಲೂ ಅಡಿಪಾಯ ಹಾಕಿದ ಗಾರೆಯವನಿಗೆ ಹಿಡಿಶಾಪ ಹಾಕುತ್ತಿದ್ದರು.

"ನಿಮ್ಮನೆ ಬಚ್ಚಲು," ಎಂದೆ.

ಭಾವ ಕೈಗೆ ಮೆತ್ತಿದ್ದ ಸಿಮೆಂಟನ್ನು ಉಗುರಿನಿಂದ ಕೆರೆದರು.

"ಪಾಪ, ಆ ಗಾರೆಯವ್ನು," ಎಂದರು.