ಹದಿನಾರರ ನಂತರ ಹದಿನೆಂಟು

ಗುರುಪಾದ ಮಾಸ್ತರರ ಬಾಯಲ್ಲಿ ಹದಿನಾರರ ನಂತರ ಹದಿನೆಂಟೇ ಬರುತ್ತಿತ್ತು. ತೊಂಬತ್ತರ ದಶಕದ ನಡುವೆ, ಬೈಲಹೊಂಗಲದ ಹತ್ತಿರದ ಹಳ್ಳಿಯ ಶಾಲೆಗೆ ನಾನು ಹೊಸ ಶಿಕ್ಷಕಿಯಾಗಿ ಹೋದಾಗ, ಅವರು ಹಾಜರಿ ಕರೆಯುವುದನ್ನು ಕೇಳಿ ಒಳಗೊಳಗೇ ನಕ್ಕಿದ್ದೆ. ಹುಣಸೆಬೀಜ ಹರವಿ ದಡ್ಡರಿಗೂ ಭಾಗಾಕಾರ ಕಲಿಸುವ ಮನುಷ್ಯನಿಗೆ ಎಣಿಕೆ ಬಾರದೇ!

ಆಮೇಲೆ ಗೊತ್ತಾಯಿತು. ಹಿಂದಿನ ವರ್ಷ ಅವರು ಬುತ್ತಿ ಕಟ್ಟಿಸಿಕೊಂಡು ಮಕ್ಕಳನ್ನು ಮನೋಳಿ ಹತ್ತಿರ ಮಲಪ್ರಭೆಯ ದಂಡೆಗೆ ಕರೆದೊಯ್ದಿದ್ದರು. ಮರಳುವಾಗ ಹಾಜರಿ ಕರೆದರೆ ಹದಿನೇಳಕ್ಕೆ ಯಾರೂ ಓಗೊಡಲಿಲ್ಲ. ಅದು ಬಸು ಎಂಬ ಹುಡುಗನ ನಂಬರು. ಹೊಳೆ ಅವನನ್ನು ಮರುದಿನ ಕೊಟ್ಟಿತು.

ಎಂಟಕ್ಕೆ ಒಂಬತ್ತು ಕೂಡಿಸುವ ಲೆಕ್ಕ ಬಂದರೆ ಮಾಸ್ತರರು ಹಲಗೆ ಒರೆಸಿ, "ಮುಂದಿನ ಲೆಕ್ಕ ನೋಡ್ರಿ" ಎನ್ನುವರು. ಅವರಿಗೆ ನೋವಾಗಬಾರದೆಂದು ನಾನು ಹೊಸ ಹಾಜರಿ ಪುಸ್ತಕದಲ್ಲಿ ಹದಿನೇಳನೇ ಸಾಲನ್ನು ಖಾಲಿ ಬಿಟ್ಟೆ. "ಚಲೋ ಮಾಡಿದ್ರಿ ಅಕ್ಕೋರ" ಎಂದರು. ದೊಡ್ಡ ಉಪಕಾರ ಮಾಡಿದೆನೆಂಬ ಹಮ್ಮು ನನಗೆ. ಆದರೆ ಆ ಖಾಲಿ ಜಾಗ ಬೆಳೆಯುತ್ತ ಹೋಯಿತು. ಬಸ್ಸು ಹೊಳೆ ದಾಟುವಾಗ ಕಣ್ಣು ಮುಚ್ಚುತ್ತಿದ್ದವರು, ಆಮೇಲೆ ಸವದತ್ತಿಯ ಅಕ್ಕನ ಮನೆಗೆ ಹೋಗುವುದನ್ನೇ ಬಿಟ್ಟರು. ಕಡೆಗೆ ಹೊರಗೆ ಆಡುವ ಮಕ್ಕಳ ಗದ್ದಲವೂ ಸೇರದೆ ಕಿಟಕಿ ಮುಚ್ಚಿಸಿ ಪಾಠ ಮಾಡತೊಡಗಿದರು.

ಬಸುವಿನ ತಾಯಿ ನಿಂಗವ್ವ ಮೂರು ಸಲ ಶಾಲೆಗೆ ಬಂದಳು. ಮೂರು ಸಲವೂ ಮಾಸ್ತರರು ಹಿಂದಿನ ಬಾಗಿಲಿಂದ ಹೊರಬಿದ್ದರು. ನಾನು ಮುಂದಿನ ಬಾಗಿಲಲ್ಲಿ ನಿಂತು, "ಮಾಸ್ತರು ಇವತ್ತ ಬಂದಿಲ್ಲ ನಿಂಗವ್ವ" ಎಂದೆ.

ಕಡೆಯ ಸಲ ಅವಳು, "ನಾ ಬೈಯಾಕ ಬಂದಿಲ್ರಿ ಅಕ್ಕೋರ. ನನ್ನ ಕೂಸು ಕಡೀಕ ಏನಂದಿತ್ತು, ಅಷ್ಟ ಕೇಳಬೇಕಾಗಿತ್ತು" ಎಂದಳು. ಅದನ್ನೂ ನಾನು ಮಾಸ್ತರರಿಗೆ ಹೇಳಲಿಲ್ಲ. ನೊಂದುಕೊಂಡಾರು ಎಂಬ ಅಂಜಿಕೆ.

ಅವರು ನಿವೃತ್ತರಾಗಿ ಕೆಲವು ವರ್ಷಗಳ ಮೇಲೆ ಮನೆಗೆ ಹೋದೆ. ಸೊರಗಿ ಅರ್ಧವಾಗಿದ್ದರು. ನಿಂಗವ್ವ ತೀರಿಹೋದಳೆಂದು ತಿಳಿಸಿದೆ.

"ಬೈಯಾಕ ಬರತಿದ್ಲು, ಪಾಪ. ಒಮ್ಮೆ ಬೈಸಿಕೊಂಡಿದ್ರ ಹಗುರ ಆಗತಿತ್ತೋ ಏನೋ" ಎಂದರು.

ಆಗ ನಿಜ ಹೇಳಿದೆ. ಮಾಸ್ತರರು ಗೋಡೆಗೆ ಒರಗಿ ಕುಳಿತುಬಿಟ್ಟರು.

"ಎಲ್ಲಾರಿಗೂ ಚುರುಮರಿ ಹಂಚಿದ್ದೆ. 'ಸರ, ನಮ್ಮವ್ವಗ ಒಂದೀಟ ಇಟಗೊಂಡೇನ್ರಿ' ಅಂತ ಬಸು ಕಿಸೆ ತೋರಿಸಿದ. ಆಮ್ಯಾಲೆ ಕೈ ತೊಳಿಯಾಕ ಹ್ವಾದ. ಇಷ್ಟ ರೀ ಅಕ್ಕೋರ. ಆಕಿಗೆ ಹೇಳೂದು ಇಷ್ಟ ಇತ್ತು."

ಮಾಸ್ತರರೂ ಈಗಿಲ್ಲ. ಕೇಳಬೇಕಾದವಳೂ ಹೋದಳು, ಹೇಳಬೇಕಾದವರೂ ಹೋದರು. ನಡುವೆ ನಿಂತು ಬಾಗಿಲು ಕಾದವಳು ನಾನೊಬ್ಬಳು ಉಳಿದಿದ್ದೇನೆ.