ಪ್ಲೇಟಿನ ಹಿಂಬದಿಯ ಹಾಡು

ತುಮಕೂರಿನ ಗುಜರಿ ಅಂಗಡಿಗಳಲ್ಲಿ ಹಳೆಯ ಸಣ್ಣ ಪ್ಲೇಟುಗಳು ಕಂಡರೆ ನಾನು ಬಿಡುವುದಿಲ್ಲ. ಒಂದೊಂದು ಬದಿಗೆ ಒಂದೇ ಹಾಡು ಹಿಡಿಯುವ ಗ್ರಾಮಫೋನ್ ಪ್ಲೇಟುಗಳು ಅವು. ಮನೆಗೆ ತಂದು ಮೊದಲು ಹಾಕುವುದು ಹಿಂಬದಿಯನ್ನೇ. ಮುಂಬದಿಯ ಹಾಡು ಊರಿಗೆಲ್ಲ ಬಾಯಿಪಾಠ. ಹಿಂಬದಿಯದನ್ನು ಜಾಗ ತುಂಬಲಿ ಎಂದು ಹಾಡಿಸಿರುತ್ತಾರೆ. ಹಾಡುವವರಿಗೂ ಮೆಚ್ಚಿಸಬೇಕೆಂಬ ಗಾಬರಿ ಇರುವುದಿಲ್ಲ. ಯಾರೂ ಹಾಕದೆ ಅಲ್ಲಿ ಗೀರುಗಳೂ ಕಡಿಮೆ.

ಕುಣಿಗಲ್‌ನ ಸೋದರತ್ತೆಯ ಮನೆಯಲ್ಲಿದ್ದ ಪ್ಲೇಟು ಮಾತ್ರ ಬೇರೆ ಥರ. ಮುಂಬದಿ ಹೊಸದರಂತೆ ಹೊಳೆಯುತ್ತಿತ್ತು, ಹಿಂಬದಿ ಸವೆದು ಮಾಸಿತ್ತು. ಅತ್ತೆ ಹುಡುಗಿಯಾಗಿದ್ದಾಗ ಪ್ಲೇಟು ಕಂಪನಿಯವರು ಅವರನ್ನೂ ಅವರ ಅಕ್ಕನನ್ನೂ ಗುಬ್ಬಿಯಿಂದ ಬೆಂಗಳೂರಿಗೆ ಕರೆದೊಯ್ದು ಆ ಬದಿಗೆ ಒಂದು ಶಿವನ ಹಾಡು ಹಾಡಿಸಿದ್ದರಂತೆ. ಅಕ್ಕನದೇ ಮುಖ್ಯ ದನಿ. ಅತ್ತೆ ಪಲ್ಲವಿಗೆ ಸೇರಿಕೊಳ್ಳುತ್ತಾರೆ. ಆ ಅಕ್ಕ ನಾನು ಹುಟ್ಟುವ ಮೊದಲೇ ತೀರಿಕೊಂಡರು.

ಕಳೆದ ವರ್ಷ ಹೋದಾಗ ಅತ್ತೆ ನನಗಾಗಿ ಅದನ್ನು ಹಾಕಿ, ಕಾಫಿ ಮಾಡಲು ಒಳಗೆ ಹೋದರು. ನಾನು ಫೋನನ್ನು ಸ್ಪೀಕರಿಗೆ ಹಿಡಿದು ರೆಕಾರ್ಡ್ ಮಾಡಿಕೊಂಡೆ. ಅವರನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ ಎಂದರೆ ಸುಳ್ಳಾದೀತು. ಅವರು ಕಾಫಿ ತರುವಷ್ಟರಲ್ಲಿ ಫೋನನ್ನು ಜೇಬಿಗಿಟ್ಟಿದ್ದೆ. ಬಸ್ಸು ಹೆಬ್ಬೂರು ದಾಟುವಾಗ ಹಾಡು ನಮ್ಮ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿತ್ತು. ಎಲ್ಲರೂ ಹೊಗಳಿದರು. ಹುಡುಕಿ ತಂದವನೆಂದು ನನ್ನನ್ನೂ ಹೊಗಳಿದರು, ಬೀಗಿದೆ.

ಯುಗಾದಿಗೆ ಮತ್ತೆ ಹೋದೆ. ಅತ್ತೆಯ ಮಗನದು ಕೊಬ್ಬರಿ ವ್ಯಾಪಾರ. ಅವನ ಫೋನಿಗೆ ಬಿಡುವಿಲ್ಲ. ಅವನು ಅದೇ ಹಾಡನ್ನು ರಿಂಗ್‌ಟೋನ್ ಮಾಡಿಕೊಂಡಿದ್ದ. ಹೊರಗೆ ಅದು ಶುರುವಾಗುತ್ತಲೇ ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಯಾಕತ್ತೆ, ಏನಾಯ್ತು?"

"ಅಕ್ಕ ಬಾಯ್ ತೆಗೀತಾಳೆ ಕಣಪ್ಪ. ಎರಡು ಮಾತು ಹಾಡೋಷ್ಟ್ರಲ್ಲಿ ಇವ್ನು ಹಲೋ ಅಂತಾನೆ. ದಿನಾಲೂ ಹಿಂಗೇಯ."

"ಅವನಿಗೆ ಹೇಳ್ಬಾರ್ದಾಗಿತ್ತಾ?"

"ದೊಡ್ಡಮ್ಮನ ಹಾಡು ಅಂತ ಖುಷಿಯಾಗಿ ಹಾಕ್ಕೊಂಡವ್ನೆ. ಏನಂತ ಹೇಳ್ಲಿ?" ಮತ್ತೆ ಸೊಪ್ಪು ಬಿಡಿಸುತ್ತಾ, "ಆ ಪ್ಲೇಟ್ನ ನಾನು ತೀರಾ ಬೇಜಾರಾದಾಗ ಮಾತ್ರ ಹಾಕ್ಕೋತಿದ್ದೆ" ಎಂದರು.

ಹಾಡನ್ನು ಎಲ್ಲರಿಗೂ ಹಂಚಿದವನು ನಾನು.

ಅವರ ಮಗನಿಗೆ ನಾನೇ ಹೇಳಿದೆ. ಪಾಪ, ಮುಖ ಚಿಕ್ಕದು ಮಾಡಿಕೊಂಡು ಅಲ್ಲೇ ಬದಲಾಯಿಸಿದ. ಗ್ರೂಪಿನವರಿಗೂ ಅಳಿಸಿಬಿಡಿ ಎಂದು ಕೇಳಿಕೊಂಡೆ. ಅಷ್ಟರಲ್ಲಿ ಅದು ಗುಬ್ಬಿ ಕಡೆಯ ಯಾರ್ಯಾರ ಫೋನಿಗೋ ಹೋಗಿಯಾಗಿತ್ತು.

ಹೋದ ತಿಂಗಳು ಕುಣಿಗಲ್‌ಗೆ ಹೋಗಿದ್ದಾಗ ಧೈರ್ಯ ಮಾಡಿ, "ಪ್ಲೇಟು ಹಾಕ್ಲಾ ಅತ್ತೆ?" ಎಂದೆ.

"ಬೇಡ ಬುಡು. ಈಗ ಹಾಕುದ್ರೆ, ಎಲ್ಲಿ ನಿಂತೋಯ್ತದೋ ಅಂತ್ಲೇ ಕಾಯ್ತಾ ಕೂತಿರ್ತೀನಿ."

ಹೊರಡುವಾಗ ಎರಡು ತೆಂಗಿನಕಾಯಿ ಸುಲಿದು ಚೀಲಕ್ಕೆ ಹಾಕಿಕೊಟ್ಟರು. ಬೇಡ ಎನ್ನುವುದಕ್ಕೂ ನನಗೆ ಮುಖವಿರಲಿಲ್ಲ.