ಗಂಗಮ್ಮನ ಚಪ್ಪರಕ್ಕೆ ನಾನು ಹೇಳಿದ ರೇಟು

ರೂಪಾ, ನಿಮ್ಮ ಹೋಟೆಲಿನ ಮುಂದಿರುವ ಶೀಟಿನ ಚಪ್ಪರಕ್ಕೆ ಆಗ ಕಂಬ, ತಗಡು, ವೆಲ್ಡಿಂಗು, ಕೂಲಿ ಎಲ್ಲ ಸೇರಿ ಹದಿನೆಂಟು ಸಾವಿರ ಸಾಕಿತ್ತು. ನಾನು ನಿಮ್ಮಮ್ಮ ಗಂಗಮ್ಮನಿಗೆ ನಲವತ್ತು ಅಂದೆ. ಬಾಯಿ ತಪ್ಪಿ ಬಂದದ್ದಲ್ಲ — ಬೇಕೆಂದೇ ಹೇಳಿದ್ದು. ಹನ್ನೆರಡು ವರ್ಷದಿಂದ ಇದನ್ನು ನಿಮ್ಮಿಬ್ಬರಿಂದ ಮುಚ್ಚಿಟ್ಟಿದ್ದೇನೆ.

ನಿಮ್ಮಪ್ಪ ತೀರಿಕೊಂಡ ಮೇಲೆ ಗಂಗಮ್ಮ ಪುರವರದಲ್ಲಿ ಬಸ್ಸು ನಿಲ್ಲುವ ಕಡೆ ಆ ಸಣ್ಣ ಹೋಟೆಲು ತೆರೆದಳಲ್ಲ — ಅದರ ಎದುರಿಗೇ ನನ್ನ ವೆಲ್ಡಿಂಗ್ ಶೆಡ್ಡು, ಶೆಡ್ಡಿನ ಮುಂದೆ ನನ್ನ ಹೆಂಡತಿ ಜಯಮ್ಮನ ಇಡ್ಲಿ ಗಾಡಿ. ನಿಮ್ಮ ಕಡೆ ನೆರಳಾದರೆ ಬಸ್ಸಿಗೆ ಕಾಯುವವರೆಲ್ಲ ಅಲ್ಲೇ ಸೇರುತ್ತಾರೆ, ನಾವು ಗಾಡಿಯ ಮುಂದೆ ನೊಣ ಹೊಡೆಯುತ್ತ ಕೂರಬೇಕು. ಇಷ್ಟೇ ನನ್ನ ಭಯ. ಜಯಮ್ಮನೂ ಹಾಗೇ ಅಂದಿದ್ದಳು, ನಿಜ. ಆದರೆ ತಪ್ಪನ್ನು ಅವಳ ಮೇಲೆ ಹಾಕುವುದಿಲ್ಲ. ರೇಟು ಹೇಳಿದ ಬಾಯಿ ನನ್ನದು.

ನಮ್ಮ ಕಸುಬಿನಲ್ಲಿ ಬೇಡದ ಕೆಲಸ ಬಂದರೆ ಆಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಿದರೆ ಒಳ್ಳೆಯದಲ್ಲ ಅನ್ನುವ ನಂಬಿಕೆ. ಅದಕ್ಕೆ ದುಪ್ಪಟ್ಟು ರೇಟು ಹೇಳಿಬಿಡುತ್ತೇವೆ. ಕೇಳಿದವರಿಗೂ ಇದು ಗೊತ್ತು. ಒಂದಷ್ಟು ಎಳೆದಾಡುತ್ತಾರೆ, ಬೈಯುತ್ತಾರೆ, ಮಧುಗಿರಿಗೆ ಹೋಗಿ ಬೇರೆಯವರನ್ನು ವಿಚಾರಿಸುತ್ತಾರೆ. ಗಂಗಮ್ಮನೂ ಹಾಗೇ ಮಾಡುತ್ತಾಳೆ ಅಂದುಕೊಂಡಿದ್ದೆ.

ಅವಳು ಬಂದು ಎಷ್ಟಾಗುತ್ತದೆ ಎಂದು ಕೇಳಿದಳು. ಟೇಪು ಹಿಡಿದು ಅಳತೆ ಮಾಡುವ ನಾಟಕವನ್ನೂ ಆಡಿದೆ.

"ನಲವತ್ತು ಆಗ್ತೈತೆ ಕಣಮ್ಮ. ಒಂದು ರೂಪಾಯಿನೂ ಕಮ್ಮಿ ಇಲ್ಲ."

ತಲೆಯಾಡಿಸಿ ಹೋದಳು. ಪೀಡೆ ಕಳೆಯಿತು ಅಂದುಕೊಂಡೆ — ಹೌದು, ಹಾಗೇ ಅಂದುಕೊಂಡೆ, ಈಗ ಬರೆಯುವಾಗ ನಾಚಿಕೆಯಾಗುತ್ತದೆ. ವಾರ ಕಳೆದು ಮತ್ತೆ ಬಂದವಳು ಸೆರಗಿನ ಗಂಟು ಬಿಚ್ಚಿ ದುಡ್ಡನ್ನು ನನ್ನ ಕೈಗಿಟ್ಟಳು. ಪೂರ್ತಿ ನಲವತ್ತು.

"ತವರು ಕಡೆಯೋನ ಹತ್ರ ಚೌಕಾಸಿ ಮಾಡಬಾರ್ದು ಅಣ್ಣಾ. ರೂಪನ ನರ್ಸಿಂಗ್‌ಗೆ ಅಂತ ಮಡಗಿದ್ದೆ. ಹೋಟ್ಲು ಒಂದು ನಿಂತ್ಕಂಡ್ರೆ ಮುಂದಿನ ವರ್ಷ ಓದುಸ್ಬೋದು ಬುಡು."

ನಾನು ಪಾವಗಡದ ಕಡೆಯವನು, ಅವಳ ತವರು ನಮ್ಮ ಪಕ್ಕದೂರು. ನಮ್ಮಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ನಂಟೇನೂ ಇರಲಿಲ್ಲ. ಅಷ್ಟಕ್ಕೇ ಅವಳು ನನ್ನನ್ನು ಅಣ್ಣನೆಂದು ನಂಬಿದ್ದಳು. ಹದಿನೆಂಟು ಸಾಕು, ಉಳಿದದ್ದು ತಗೊಂಡು ಹೋಗು ಎಂದು ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಹಾಗೆಂದರೆ ಮೊದಲು ಯಾಕೆ ನಲವತ್ತು ಅಂದೆ ಎಂದು ಕೇಳುತ್ತಾಳಲ್ಲ — ಏನೆಂದು ಹೇಳಲಿ? ನಾಳೆ ಪೈಪು ತರುತ್ತೇನೆ ಅಂದೆ.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ನಿಮ್ಮ ಚಪ್ಪರ ನಿಲ್ಲಿಸಿದ ತಿಂಗಳೊಳಗೆ ಜಯಮ್ಮನ ಗಾಡಿಗೂ ಒಂದು ಹಾಕಿದೆ. ಅದೇ ಅಳತೆ, ಅದೇ ಹಸಿರು ತಗಡು. ಅದು ನಿಮ್ಮ ಹಣದಲ್ಲಿ ಉಳಿದದ್ದರಿಂದಲೇ ಹಾಕಿದ್ದು. ಎರಡೂ ಕಡೆಯ ನೆರಳು ನಿನ್ನ ನರ್ಸಿಂಗ್ ದುಡ್ಡಿನದು, ರೂಪಾ. ಅತ್ತಿಗೆಗೂ ತಂಪಾಯಿತು ಎಂದು ನಿಮ್ಮಮ್ಮ ಅವತ್ತು ಒಂದು ಲೋಟ ಪಾಯಸ ತಂದುಕೊಟ್ಟಳು. ಕುಡಿದೆ.

ಮುಂದಿನ ವರ್ಷ ಗಂಗಮ್ಮನಿಗೆ ಸೊಂಟ ಹಿಡಿಯಿತು, ನೀನು ಬಾಣಲೆಯ ಮುಂದೆ ನಿಂತೆ. ಅದರ ಮುಂದಿನ ವರ್ಷ ಮದುವೆ. ಗಂಡನೂ ಇಲ್ಲೇ ಬಂದು ಸೇರಿಕೊಂಡ, ಮಕ್ಕಳಾದವು. ನೀನು ಯಾವತ್ತೂ ಗೊಣಗಿದ್ದು ನಾನು ಕೇಳಿಲ್ಲ. ಗೊಣಗಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಈಗ ಜಯಮ್ಮನಿಗೆ ಶುಗರು. ಬೆಳಿಗ್ಗೆ ಎದ್ದು ರಸ್ತೆ ದಾಟಿ ಬಂದು ಅವಳಿಗೆ ಇನ್ಸುಲಿನ್ ಸೂಜಿ ಹಾಕುವವಳು ನೀನೇ. ಹೋದ ತಿಂಗಳು ಅವಳು ತೋಳು ಒರೆಸಿಕೊಳ್ಳುತ್ತ, "ಎಂಥ ಹಗುರ ಕೈ ಕಣಮ್ಮ ನಿಂದು, ನೀನು ನರ್ಸೇ ಆಗ್ಬೇಕಿತ್ತು" ಅಂದಳು. ಅಂದವಳು ತಟ್ಟನೆ ನನ್ನ ಮುಖ ನೋಡಿದಳು. ನೀನು ನಕ್ಕು ಹೊರಟುಹೋದೆ.

ಅದಾದ ಮೇಲೆ ಮೊನ್ನೆ ನೀನು ಬಂದು, ತಗಡೆಲ್ಲ ತುಕ್ಕು ಹಿಡಿದು ತೂತಾಗಿದೆ, ಕಂಬವೂ ಸವೆದುಹೋಗಿದೆ, ಹೊಸದು ಹಾಕಬೇಕು ಮಾವ, ಎಷ್ಟಾಗುತ್ತದೆ ಎಂದು ಕೇಳಿದೆ. ಮಾವ ಹೇಳಿದಷ್ಟು ಕೊಡು, ಚೌಕಾಸಿ ಮಾಡಬೇಡ ಎಂದು ಅಮ್ಮ ಹೇಳಿದ್ದಾಳೆ ಅಂತಲೂ ನೀನೇ ಅಂದೆ. ನೋಡಿ ಹೇಳುತ್ತೇನೆ ಎಂದು ನಾನು ತಪ್ಪಿಸಿಕೊಂಡೆ. ನೋಡುವುದೇನಿದೆ, ಕಬ್ಬಿಣ ಇಷ್ಟು ತುಟ್ಟಿಯಾಗಿರುವಾಗಲೂ ಈವತ್ತಿನ ನ್ಯಾಯವಾದ ರೇಟು ಮೂವತ್ತನಾಲ್ಕು. ಅದನ್ನು ಹೇಳಿದರೆ ಆಗ ನಲವತ್ತು ಹೇಗಾಯಿತು ಎಂದು ಯಾರಿಗಾದರೂ ಹೊಳೆಯುತ್ತದೆ. ಹಳೆಯ ಸುಳ್ಳು ಉಳಿಯಬೇಕಾದರೆ ಈಗ ಎಪ್ಪತ್ತು ಅನ್ನಬೇಕು, ಹಾಗಂದರೆ ನೀನು ತಂದು ಕೊಟ್ಟೂ ಬಿಡುತ್ತೀಯ, ಈ ಸಲ ನಿನ್ನ ಮಕ್ಕಳ ಓದಿನ ದುಡ್ಡು. ಎತ್ತ ಹೊರಳಿದರೂ ನಾನು ಕಟ್ಟಿದ ಕಂಬವೇ ನನಗೆ ಬಡಿಯುತ್ತದೆ.

ಪುಕ್ಕಟೆ ಹಾಕಿಕೊಟ್ಟುಬಿಡೋಣ ಅಂತಲೂ ಯೋಚಿಸಿದೆ. ಆದರೆ ಹಾಗೆ ಮಾಡಿದರೆ ಗಂಗಮ್ಮ ಊರೆಲ್ಲ ನನ್ನ ಗುಣ ಹಾಡುತ್ತಾಳೆ. ನೀನು ಕೈ ಮುಗಿಯುತ್ತೀಯ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಅದಕ್ಕೇ ಇದನ್ನು ಬರೆದು ಮೊದಲು ನಿನಗೆ ತಿಳಿಸುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ನಾಳೆ ಬೆಳಿಗ್ಗೆ ಸೂಜಿ ಹಾಕಲು ನೀನು ಬರುವ ಮೊದಲೇ ನಾನೇ ರಸ್ತೆ ದಾಟಿ ಬರುತ್ತೇನೆ. ನಿಮ್ಮಮ್ಮನ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನೀನು ಈ ಕಡೆ ಬರದಿದ್ದರೆ, ಜಯಮ್ಮನಿಗೆ ಸೂಜಿ ಹಾಕುವುದನ್ನು ನಾನೇ ಕಲಿಯುತ್ತೇನೆ.